ಬೀಟಲ್ಸ್‌ನ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’: ಶ್ರುತಿ ಬೇರೆ, ಓಟ ಬೇರೆ ಇದ್ದ ಎರಡು ಟೇಕ್ ಒಂದಾಗಿದ್ದು ಹೇಗೆ?

ನೀರ್ದೋಸೆ45 (ಪ್ರಶ್ನೆ)

ಈ ಹಾಡಿನ ಮೊದಲ ಒಂದು ನಿಮಿಷ ಏಳನೇ ಟೇಕಿನದು (ಟೇಕ್ ಅಂದರೆ ನಂಬರು ಹಾಕಿಟ್ಟ ಒಂದೊಂದು ಮುದ್ರಣ), ಮಿಕ್ಕಿದ್ದೆಲ್ಲ ಇಪ್ಪತ್ತಾರನೇ ಟೇಕಿನದು ಅನ್ನುವುದು ಎಲ್ಲ ಕಡೆ ಓದಲು ಸಿಗುತ್ತದೆ. ಎರಡರ ಶ್ರುತಿ ಬೇರೆ, ವೇಗ ಬೇರೆ, ವಾದ್ಯಗಳೂ ಬೇರೆ. ಆದರೂ 1966ರಲ್ಲಿ ಬ್ಲೇಡು, ಅಂಟುಟೇಪು ಹಿಡಿದು ಕೂಡಿಸಿಬಿಟ್ಟರು. ಹೇಗೆ ಅಂತ ಕೇಳಿದರೆ ‘ಅದೃಷ್ಟ’ ಅನ್ನುವ ಒಂದೇ ಉತ್ತರ.

ಕಂಪ್ಯೂಟರಿನಲ್ಲಿ ಅದನ್ನೇ ಮಾಡಹೊರಟರೆ ಶ್ರುತಿಯನ್ನೊಮ್ಮೆ, ವೇಗವನ್ನೊಮ್ಮೆ ಸರಿಪಡಿಸಬೇಕಾಗುತ್ತದೆ. ಅಷ್ಟರಲ್ಲಿ ಡ್ರಮ್ಮಿನ ಏಟು ಮೊಂಡಾಗಿ, ಹಾಡುವವರ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಅವರಿಗೆ ಹಾಗೇಕೆ ಆಗಲಿಲ್ಲ? ನಡೆದದ್ದೇನು ಅಂತ ಕ್ರಮವಾಗಿ ಗೊತ್ತಿರುವವರು ಬಿಡಿಸಿ ಹೇಳಿ.

ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಹೆಣಗಾಡಿ ಮಾಡಿದ ಹಾಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಏರಲಿಲ್ಲ ಯಾಕೆ?

ಟೇಪುಹುಳು

ಮೊದಲು ದಿನಾಂಕಗಳನ್ನು ಇಟ್ಟುಕೊಳ್ಳೋಣ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಬೀಟಲ್ಸ್ ಕೊನೆಯ ಪ್ರವಾಸ ಮುಗಿಯಿತು. ಅದಾದ ಮೇಲೆ ಜಾನ್ ಲೆನನ್ ಸಿನಿಮಾ ಚಿತ್ರೀಕರಣಕ್ಕೆ ಸ್ಪೇನಿನ ಅಲ್ಮೇರಿಯಾಕ್ಕೆ ಹೋದರು. ಹಾಡು ಹುಟ್ಟಿದ್ದು ಅಲ್ಲಿ. ಹೆಸರು ಮಾತ್ರ ಲಿವರ್‌ಪೂಲಿನ ವುಲ್ಟನ್‌ನದು. ಲೆನನ್ ಬೆಳೆದ ದೊಡ್ಡಮ್ಮನ ಮನೆಯ ಹತ್ತಿರ ಸಾಲ್ವೇಶನ್ ಆರ್ಮಿಯವರು ನಡೆಸುತ್ತಿದ್ದ ಮಕ್ಕಳ ಆಶ್ರಮ ಇತ್ತು, ಅದರ ಹೆಸರು ಸ್ಟ್ರಾಬೆರಿ ಫೀಲ್ಡ್. ಜಾಗಕ್ಕೆ ಏಕವಚನ, ಹಾಡಿಗೆ ಬಹುವಚನ.

ಧ್ವನಿಮುದ್ರಣ ಶುರುವಾದದ್ದು ನವೆಂಬರ್ 24ರಂದು, ಲಂಡನ್ನಿನ ಆ್ಯಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೊದ ಎರಡನೇ ಕೋಣೆಯಲ್ಲಿ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್. ಆ ದಿನದ ಮೊದಲ ಟೇಕಿನಲ್ಲಿ ಹಾಡು ನಾವು ಕೇಳುವ ಪಲ್ಲವಿಯಿಂದ ಶುರುವಾಗುವುದೇ ಇಲ್ಲ, ನೇರವಾಗಿ ಚರಣಕ್ಕೆ ಹೋಗುತ್ತದೆ. ಮೆಲ್ಲೊಟ್ರಾನ್ ಅನ್ನುವ ಕೀಲಿಮಣೆ ವಾದ್ಯದ ಪೀಠಿಕೆ, ಆಮೇಲೆ ಪಲ್ಲವಿ ಅನ್ನುವ ಕಟ್ಟು ಕೂತದ್ದು ನವೆಂಬರ್ 28, 29ರ ಸೆಷನ್ನುಗಳಲ್ಲಿ. 29ರಂದು ಆರನೇ ಟೇಕನ್ನು ‘ರಿಡಕ್ಷನ್’ ಮಾಡಿದಾಗ ಬಂದದ್ದೇ ಏಳನೇ ಟೇಕ್. ಅದನ್ನು ಮಿಕ್ಸ್ ಮಾಡಿ, ಕೇಳಿ ನೋಡಲು ಅಸಿಟೇಟ್ ತಟ್ಟೆಯನ್ನೂ ಕೊರೆದರು. ಅಲ್ಲಿಗೆ ಹಾಡು ಮುಗಿದ ಲೆಕ್ಕ.

ರಿಡಕ್ಷನ್ ಅಂದರೇನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅವರ ಬಳಿ ಇದ್ದದ್ದು ಸ್ಟೂಡರ್ ಜೆ37, ಒಂದು ಇಂಚು ಅಗಲದ ಟೇಪಿನ ಮೇಲೆ ನಾಲ್ಕು ಟ್ರ್ಯಾಕ್. ನಾಲ್ಕೂ ತುಂಬಿದ ಮೇಲೆ ಇನ್ನೊಂದು ಜೆ37ಗೆ ಅವನ್ನು ಒಂದೋ ಎರಡೋ ಟ್ರ್ಯಾಕಿಗೆ ಬೆರೆಸಿ ಇಳಿಸುತ್ತಾರೆ. ಆಗ ಮಿಕ್ಕ ಟ್ರ್ಯಾಕ್‌ಗಳು ಹೊಸದಾಗಿ ಖಾಲಿ ಸಿಗುತ್ತವೆ. ಪ್ರತಿಸಲ ಹೀಗೆ ಇಳಿಸಿದಾಗಲೂ ಹೊಸ ಟೇಕ್ ನಂಬರು. ಇದಕ್ಕೆ ತೆರಬೇಕಾದ ಬೆಲೆ ಎರಡು. ಟೇಪಿನ ಸುಯ್ ಸದ್ದು ಒಂದು ತಲೆಮಾರು ಏರುತ್ತದೆ. ಒಮ್ಮೆ ಬೆರೆಸಿದ ಡ್ರಮ್ಮನ್ನು ಗಿಟಾರಿನಿಂದ ಮತ್ತೆ ಬಿಡಿಸಲು ಬರುವುದಿಲ್ಲ. ಹಾಗಾಗಿ ‘26ನೇ ಟೇಕ್’ ಅಂದರೆ 26 ಸಲ ಹಾಡಿದರು ಅಂತ ಅರ್ಥವಲ್ಲ. ಈ ತಪ್ಪು ಪುಸ್ತಕಗಳಲ್ಲೂ ನುಸುಳಿದೆ.

ಅಸಿಟೇಟ್ ಕೇಳಿದ ಲೆನನ್‌ಗೆ ಸಮಾಧಾನವಾಗಲಿಲ್ಲ. ಇನ್ನಷ್ಟು ಭಾರವಾಗಿ ಬೇಕು, ವಾದ್ಯಮೇಳ ಬರೆದು ಕೊಡಿ ಅಂತ ಮಾರ್ಟಿನ್‌ರನ್ನು ಕೇಳಿದರು. ಡಿಸೆಂಬರ್ 8ರಂದು ಹೊಸದಾಗಿ, ಹೆಚ್ಚು ವೇಗದಲ್ಲಿ, ಲಯವಾದ್ಯಗಳಿಂದ ಮತ್ತೆ ಆರಂಭ: ಡ್ರಮ್, ಟಿಂಪನಿ, ಬಾಂಗೊ, ಟ್ಯಾಂಬೊರಿನ್, ಮರಾಕಾಸ್, ಜೊತೆಗೆ ಹಿಮ್ಮುಖ ಸಿಂಬಲ್. 9ರಿಂದ 24ರವರೆಗಿನ ಟೇಕ್‌ಗಳು ಅವತ್ತಿನವು. 15ನೇ ಟೇಕಿನ ಬಹುಪಾಲಿಗೆ 24ನೇ ಟೇಕಿನ ಕೊನೆಯ ಭಾಗ ಅಂಟಿಸಿ, ಅದನ್ನು ಇಳಿಸಿ 25 ಮಾಡಿದರು. ಅಂದರೆ ಪ್ರಸಿದ್ಧವಾದ ಬೆಸುಗೆಗೆ ಮುಂಚೆಯೇ ಈ ಭಾಗದೊಳಗೆ ಇನ್ನೊಂದು ಬೆಸುಗೆ ಇದೆ! ಡಿಸೆಂಬರ್ 15ಕ್ಕೆ ನಾಲ್ಕು ಟ್ರಂಪೆಟ್, ಮೂರು ಚೆಲ್ಲೊ ಸೇರಿಸಿ ಮತ್ತೊಮ್ಮೆ ರಿಡಕ್ಷನ್, ಅದೇ 26. ಅದರ ಮೇಲೆ ಲೆನನ್ ದನಿ. 21ರಂದು ಇನ್ನಷ್ಟು ಸಣ್ಣಪುಟ್ಟ ಸೇರ್ಪಡೆ.

ಆಮೇಲೆ ಲೆನನ್ ಕೇಳಿದ್ದು: ಹಳೆಯದರ ಆರಂಭ ಚೆನ್ನಾಗಿದೆ, ಹೊಸದರ ಕೊನೆ ಚೆನ್ನಾಗಿದೆ, ಎರಡನ್ನೂ ಕೂಡಿಸಿಬಿಡಿ. ಮಾರ್ಟಿನ್ ತೆಗೆದ ತಕರಾರು ಎರಡು: ಶ್ರುತಿ ಬೇರೆ, ವೇಗ ಬೇರೆ. ಡಿಸೆಂಬರ್ 22ರಂದು ಮಾರ್ಟಿನ್, ಎಮೆರಿಕ್ ಕೂತು ಕೂಡಿಸಿದರು. ಇದಿಷ್ಟು ಮೊನೊ ಮಿಕ್ಸಿನ ಕತೆ. ಸ್ಟೀರಿಯೊ ಮಿಕ್ಸ್ ಆಗಿದ್ದು 29ರಂದು. ಹೋಲಿಕೆಗೆ ಒಂದು ಮಾತು: 1963ರ ಫೆಬ್ರವರಿ 11ರಂದು ಇದೇ ಗುಂಪು, ಇದೇ ಸ್ಟುಡಿಯೊದಲ್ಲಿ, ಮೊದಲ ಎಲ್‌ಪಿಯ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿತ್ತು.

ಕಪ್ಪುಎರಡು

ಟೇಪುಹುಳು ಕತೆ ಹೇಳಿದರು, ನಾನು ಲೆಕ್ಕ ಹೇಳುತ್ತೇನೆ. ‘ಅದೃಷ್ಟ’ ಅನ್ನುವ ಮಾತು ಎಲ್ಲಿಯವರೆಗೆ ನಿಜ ಅನ್ನುವುದು ಲೆಕ್ಕದಲ್ಲಿದೆ.

ಟೇಪಿನಲ್ಲಿ ವೇಗ ಮತ್ತು ಶ್ರುತಿ ಒಂದೇ ಹಗ್ಗಕ್ಕೆ ಕಟ್ಟಿದ ಜೋಡೆತ್ತು. ಒಂದು ಎಷ್ಟು ನಡೆದರೆ ಇನ್ನೊಂದೂ ಅಷ್ಟೇ. ಟೇಪ್ ಶೇಕಡ 6ರಷ್ಟು ನಿಧಾನವಾದರೆ ಹಾಡು ನಿಧಾನವಾಗುವುದರ ಜೊತೆಗೆ ಶ್ರುತಿಯೂ ಹೆಚ್ಚುಕಡಿಮೆ ಅರ್ಧ ಸ್ವರ ಇಳಿಯುತ್ತದೆ. ಹಾರ್ಮೋನಿಯಂ ಮಾತಿನಲ್ಲಿ ಹೇಳಿದರೆ ಕಪ್ಪು ಒಂದರಿಂದ ಬಿಳಿ ಒಂದಕ್ಕೆ. ನಿಖರವಾಗಿ ಬೇಕೆಂದರೆ ಅರ್ಧ ಸ್ವರದ ಅನುಪಾತ 1.0595.

ಈಗ ಎರಡು ಟೇಕ್ ನೋಡಿ. ಹೊಸದು ಹಳೆಯದಕ್ಕಿಂತ ವೇಗ, ಶ್ರುತಿಯೂ ಮೇಲೆ. ಅದೃಷ್ಟ ಇರುವುದು ಇಲ್ಲಿ, ಇಷ್ಟರಲ್ಲೇ. ವೇಗದ ಟೇಕಿನ ಶ್ರುತಿ ಕೆಳಗಿದ್ದಿದ್ದರೆ ಟೇಪನ್ನು ಏನು ಎಳೆದಾಡಿದರೂ ಆಗುತ್ತಿರಲಿಲ್ಲ. ವೇಗ ಹೊಂದಿಸಿದಷ್ಟೂ ಶ್ರುತಿ ದೂರ ಓಡುತ್ತಿತ್ತು. ಎರಡೂ ವ್ಯತ್ಯಾಸ ಒಂದೇ ದಿಕ್ಕಿಗಿದ್ದ ಕಾರಣ ಒಂದೇ ತಿರುಪಿನಲ್ಲಿ ಎರಡೂ ಹತ್ತಿರ ಬಂದವು. ಹಳೆಯದನ್ನು ತುಸು ಏರಿಸಿ, ಹೊಸದನ್ನು ಇಳಿಸಿದೆವು ಅಂತ ಮಾರ್ಟಿನ್ ಹೇಳಿಕೊಂಡಿದ್ದಾರೆ.

ಇಳಿಸುವುದು ಹೇಗೆ? ರೆಕಾರ್ಡರಿನಲ್ಲಿ ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಮೋಟಾರು ವಿದ್ಯುತ್ತಿನ 50 ಸೈಕಲ್‌ಗೆ (ಸೆಕೆಂಡಿಗೆ 50 ಆವರ್ತನೆ) ಕಟ್ಟುಬಿದ್ದದ್ದು. ವೋಲ್ಟೇಜ್ ಕಡಿಮೆ ಮಾಡಿದರೆ ಅದು ನಿಧಾನವಾಗುವುದಿಲ್ಲ, ಬಲಗುಂದಿ ತಡವರಿಸುತ್ತದೆ. ಬದಲಾಯಿಸಬೇಕಾದದ್ದು ಸೈಕಲ್ಲನ್ನು. ಅದಕ್ಕೆ ಬೇಕಾದ ಸೈಕಲ್ ಹುಟ್ಟಿಸುವ ಒಂದು ಆಸಿಲೇಟರ್, ಅದರ ಹಿಂದೆ ಮೋಟಾರನ್ನು ತಿರುಗಿಸುವಷ್ಟು ಕಸುವಿರುವ ಆಂಪ್ಲಿಫೈಯರ್. ಸೆಕೆಂಡಿಗೆ 15 ಇಂಚು ಓಡುವ ಯಂತ್ರಕ್ಕೆ 50ರ ಬದಲು 47.2 ಸೈಕಲ್ ಕೊಟ್ಟರೆ ಟೇಪ್ 14.16 ಇಂಚಿನಲ್ಲಿ ಓಡುತ್ತದೆ, ಸರಿಯಾಗಿ ಅರ್ಧ ಸ್ವರ ಕೆಳಗೆ.

ನೀರ್ದೋಸೆ ಅವರೇ, ನಿಮ್ಮ ಡ್ರಮ್ ಮೊಂಡಾಗುವ ಕಾರಣವೂ ಇದೇ. ಶ್ರುತಿ ಬಿಟ್ಟು ವೇಗ ಮಾತ್ರ, ವೇಗ ಬಿಟ್ಟು ಶ್ರುತಿ ಮಾತ್ರ ಬದಲಿಸುವಾಗ ಸಾಫ್ಟ್‌ವೇರ್ ಸದ್ದನ್ನು ಚೂರುಚೂರು ಮಾಡಿ ಮತ್ತೆ ಹೆಣೆಯುತ್ತದೆ. ಏಟಿನ ಮೊನೆ ಹಾಳಾಗುವುದು ಆ ಹೆಣಿಗೆಯಲ್ಲಿ. ಎರಡನ್ನೂ ಒಟ್ಟಿಗೆ ಬದಲಿಸುವ ‘ಚೇಂಜ್ ಸ್ಪೀಡ್’ ಬಳಸಿ. ಅದು ಟೇಪಿನ ಹಾಗೆ ಎಳೆಯುತ್ತದೆ, ಚೂರು ಮಾಡುವುದಿಲ್ಲ. ಅರ್ಧ ಸ್ವರ ಇಳಿಸಲು −5.613%, ಏರಿಸಲು +5.946%. ಎರಡೂ ಒಂದೇ ಅಂಕಿ ಅಂದುಕೊಂಡು 6 ಹಾಕುವವರು ಬಹಳ. ಇಳಿಸುವಾಗ ಅದು 7 ಸೆಂಟ್ ತಪ್ಪು (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್), ತಂಬೂರಿ ಜೊತೆ ಇಟ್ಟರೆ ಕಿವಿಗೆ ಗೊತ್ತಾಗುತ್ತದೆ.

ಕತ್ತರಿಸುವ ಮೊದಲು ಅಳೆಯಿರಿ. ಎರಡೂ ಟೇಕಿನಲ್ಲಿ ಒಂದೇ ಎಂಟು ಆವರ್ತ ತೆಗೆದುಕೊಂಡು ಮೊದಲ ಏಟಿನಿಂದ ಒಂಬತ್ತನೇ ಆವರ್ತದ ಮೊದಲ ಏಟಿನವರೆಗೆ ಕಾಲ ನೋಡಿ. ಉದಾಹರಣೆಗೆ ಒಂದು 20 ಸೆಕೆಂಡ್, ಇನ್ನೊಂದು 18.5 ಅಂದುಕೊಳ್ಳಿ. ಅನುಪಾತ 1.081, ಶ್ರುತಿಯ ಲೆಕ್ಕದಲ್ಲಿ 135 ಸೆಂಟ್. ವೇಗದ ಟೇಕ್ ನಿಜವಾಗಿ 135 ಸೆಂಟ್ ಮೇಲಿದ್ದರೆ ಒಂದೇ ತಿರುಪು ಸಾಕು. ಬರೀ 100 ಸೆಂಟ್ ಮೇಲಿದ್ದರೆ ಶ್ರುತಿ ಹೊಂದಿಸಿದ ಮೇಲೂ ವೇಗದಲ್ಲಿ ಶೇಕಡ 2ರಷ್ಟು ವ್ಯತ್ಯಾಸ ಉಳಿಯುತ್ತದೆ. ಆಗ ವೇಗದ ಕಡೆ ಕಣ್ಣುಮುಚ್ಚಿ, ಶ್ರುತಿ ಬಿಡಬೇಡಿ. ಹೊಸ ಭಾಗ ಶುರುವಾಗುವ ಕಡೆ ಶೇಕಡ 2ರ ವೇಗ ಬದಲಾವಣೆಯನ್ನು ಕೇಳುವವರು ‘ಹುರುಪು ಬಂತು’ ಅಂದುಕೊಳ್ಳುತ್ತಾರೆ. 35 ಸೆಂಟಿನ ಅಪಶ್ರುತಿಯನ್ನು ಯಾರೂ ಹಾಗೆ ಅಂದುಕೊಳ್ಳುವುದಿಲ್ಲ.

ಇನ್ನು ಬೆಸುಗೆ. ಮಾಮೂಲಿ ಸ್ಪ್ಲೈಸಿಂಗ್ ಬ್ಲಾಕಿನಲ್ಲಿ ಟೇಪನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಾರೆ. ಕಾಲಿಂಚು ಟೇಪಿನಲ್ಲಿ ಆ ಓರೆ ಕಾಲಿಂಚು ಉದ್ದ, 15 ಇಂಚಿನ ವೇಗದಲ್ಲಿ ಸುಮಾರು 17 ಮಿಲಿಸೆಕೆಂಡ್. ಅಷ್ಟು ಹೊತ್ತು ಹಳೆಯದು ಇಳಿಯುತ್ತಾ ಹೊಸದು ಏರುತ್ತದೆ. ಇಲ್ಲಿ ಅದು ಸಾಲದೆ ಇನ್ನೂ ಮಲಗಿಸಿ ಕತ್ತರಿಸಿದೆ ಅನ್ನುವುದು ಎಮೆರಿಕ್ ನೆನಪು. ಓರೆ ಒಂದಿಂಚು ಉದ್ದವಾದರೆ 67 ಮಿಲಿಸೆಕೆಂಡ್. ನಿಮ್ಮ ಕ್ರಾಸ್‌ಫೇಡನ್ನೂ (ಒಂದು ಇಳಿಯುತ್ತಾ ಇನ್ನೊಂದು ಏರುವ ಹೊತ್ತು) ಈ ಎರಡರ ನಡುವೆ ಇಟ್ಟುಕೊಳ್ಳಿ. 100 ದಾಟಿದರೆ ಎರಡು ಡ್ರಮ್ ಒಟ್ಟಿಗೆ ಕೇಳಿ ಮುಗ್ಗರಿಸಿದ ಹಾಗಾಗುತ್ತದೆ. ಈ ಮಲಗಿದ ಓರೆ ಮೊನೊಗೆ ಸರಿ. ಸ್ಟೀರಿಯೊ ಟೇಪಿನಲ್ಲಿ ಹೀಗೆ ಕತ್ತರಿಸಿದರೆ ಒಂದು ಕಿವಿಗೆ ಹೊಸ ಟೇಕ್ ಮೊದಲು, ಇನ್ನೊಂದಕ್ಕೆ ಆಮೇಲೆ.

ಟೇಪುಹುಳು

ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಶ್ರುತಿ, ವೇಗ ಎರಡೂ ಕರಾರುವಾಕ್ಕಾಗಿ ಕೂತರೂ ಬೆಸುಗೆ ಬಯಲಾಗಬಹುದು. ಕೋಣೆಯ ಗುಂಗು, ದನಿಯ ಬಣ್ಣ ಬೇರೆಯಿರುತ್ತವಲ್ಲ. ಈ ಹಾಡಿನಲ್ಲಿ ಅದು ಮುಚ್ಚಿಹೋದದ್ದು ಜಾಗದಿಂದ. ಸರಿಸುಮಾರು ಅರವತ್ತನೇ ಸೆಕೆಂಡಿನಲ್ಲಿ, ಎರಡನೇ ಸಲ ಬರುವ ಪಲ್ಲವಿಯ ಮೊದಲ ಸಾಲಿನ ನಡುವೆ, ‘ಗೋಯಿಂಗ್ ಟು’ ಅನ್ನುವ ಮಾತಿಗೆ ಮುಂಚೆ ಕೊಯ್ದಿದ್ದಾರೆ. ಅಲ್ಲಿಂದ ಚೆಲ್ಲೊ ಒಳಗೆ ಬರುತ್ತದೆ, ಡ್ರಮ್ ದಪ್ಪವಾಗುತ್ತದೆ. ಏನೋ ಬದಲಾಯಿತು ಅಂತ ಕಿವಿಗೆ ಗೊತ್ತಾದರೂ ಆ ಬದಲಾವಣೆಯನ್ನು ಅದು ವಾದ್ಯಗಳ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಎರಡು ಟೇಕಿನ ವಾದ್ಯ ಒಂದೇ ಆಗಿದ್ದರೆ ಈ ಬೆಸುಗೆ ಮೊದಲ ಸಲ ಕೇಳಿದವರಿಗೇ ಸಿಕ್ಕಿಬೀಳುತ್ತಿತ್ತು. ಮಾರ್ಟಿನ್‌ಗೆ ತೊಡಕಾಗಿ ಕಂಡ ವ್ಯತ್ಯಾಸವೇ ಮರೆಯಾಗಿ ಒದಗಿತು.

ಎರಡನೇ ಭಾಗದಲ್ಲಿ ಲೆನನ್ ದನಿ ನಿದ್ದೆಗಣ್ಣಿನಲ್ಲಿ ಎದ್ದವರ ಹಾಗಿದೆಯಲ್ಲ, ಅದು ನಟನೆಯಲ್ಲ. ಟೇಪ್ ಇಳಿಸಿದಾಗ ಸ್ವರದ ಜೊತೆಗೆ ಗಂಟಲಿನ, ಬಾಯಿಯ ಅನುರಣನವೂ ಕೆಳಗಿಳಿಯುತ್ತದೆ. ಆಳು ದೊಡ್ಡವನಾದ ಹಾಗೆ ಕೇಳಿಸುತ್ತದೆ. ಚೆಲ್ಲೊ, ಟ್ರಂಪೆಟ್‌ಗೂ ಅಷ್ಟೇ. ಇನ್ನೊಂದು ಪರಿಣಾಮ: ಹಾಡು ಬಿ-ಫ್ಲಾಟ್ ಆಸುಪಾಸಿನಲ್ಲಿದೆ ನಿಜ, ಆದರೆ ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಕೂರುವುದಿಲ್ಲ. ತಟ್ಟೆಯ ಜೊತೆ ನುಡಿಸಬೇಕಾದರೆ ಮೊದಲು ಗಿಟಾರಿನ ತಂತಿಯನ್ನೇ ಹಾಡಿಗೆ ಕೂಡಿಸಿಕೊಳ್ಳಿ, ಟ್ಯೂನರನ್ನು ಪಕ್ಕಕ್ಕಿಡಿ.

ನೀರ್ದೋಸೆ45

ಇಬ್ಬರಿಗೂ ಥ್ಯಾಂಕ್ಸ್. ‘ಚೇಂಜ್ ಸ್ಪೀಡ್’ ವಿಷಯ ಸ್ಪಷ್ಟವಾಯಿತು. ಇನ್ನೆರಡು ಕೇಳಿಬಿಡುತ್ತೇನೆ. ಹಿಮ್ಮುಖ ಸಿಂಬಲ್ಲನ್ನು ನಾಲ್ಕು ಟ್ರ್ಯಾಕಿನಲ್ಲಿ ಮಿಕ್ಕಿದ್ದು ಹಾಳಾಗದಂತೆ ಹೇಗೆ ಸೇರಿಸುತ್ತಾರೆ? ಆರಂಭದ ಕೊಳಲು, ನಡುನಡುವೆ ಜಾರುವ ತಂತಿ ವಾದ್ಯ ಯಾವುವು?

ಕಪ್ಪುಎರಡು

ಸಿಂಬಲ್ ನಾನು ಹೇಳುತ್ತೇನೆ. ಸುರುಳಿಗಳನ್ನು ಅದಲುಬದಲು ಮಾಡಿ ಟೇಪನ್ನು ಕೊನೆಯಿಂದ ಓಡಿಸಬೇಕು. ಹಾಗೆ ಮಾಡಿದಾಗ ಟೇಪಿನ ಮೇಲಂಚು ಕೆಳಗೆ ಬರುತ್ತದೆ, ಅಂದರೆ ಒಂದನೇ ಟ್ರ್ಯಾಕ್ ನಾಲ್ಕನೆಯದರ ಹೆಡ್ಡಿಗೆ, ಎರಡನೆಯದು ಮೂರನೆಯದಕ್ಕೆ. ಖಾಲಿ ಇರುವುದು 4 ಅಂತ ಯಂತ್ರದಲ್ಲಿ 4ಕ್ಕೇ ರೆಕಾರ್ಡ್ ಒತ್ತಿದರೆ ಒಂದನೇ ಟ್ರ್ಯಾಕಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ಒತ್ತಬೇಕಾದದ್ದು 1. ಒತ್ತುವ ಮುಂಚೆ ಆ ಟ್ರ್ಯಾಕೊಂದನ್ನೇ ಕೇಳಿ ಖಾಲಿ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳುವುದು ವಾಡಿಕೆ.

ಏಟು ಬೀಳಬೇಕಾದ ಜಾಗ: ಉಲ್ಟಾ ಓಡುತ್ತಿರುವ ಹಾಡಿನಲ್ಲಿ ಯಾವ ಘಾತದ ಮೇಲೆ ಬಾರಿಸುತ್ತೀರೋ, ನೆಟ್ಟಗೆ ಓಡಿಸಿದಾಗ ಸದ್ದು ಉಬ್ಬುತ್ತಾ ಬಂದು ಆ ಘಾತದಲ್ಲೇ ಠಕ್ಕನೆ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಬರೀ ಕ್ಲಿಪ್ಪನ್ನು ‘ರಿವರ್ಸ್’ ಮಾಡಿ ಅದರ ತಲೆಯನ್ನು ಘಾತಕ್ಕೆ ಇಡುವುದು ಸಾಮಾನ್ಯ ತಪ್ಪು. ಇಡಬೇಕಾದದ್ದು ಬಾಲವನ್ನು.

ಮಂದ್ರಪಂಚಮ

ತಡವಾಗಿ ಬಂದೆ. ವಾದ್ಯಗಳದ್ದು ನನಗೆ ಬಿಡಿ.

ಕೊಳಲಿನಂಥದ್ದು ಮೆಲ್ಲೊಟ್ರಾನ್ ಮಾರ್ಕ್ 2, ನುಡಿಸಿದ್ದು ಪಾಲ್ ಮೆಕಾರ್ಟ್ನಿ. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಯಂತ್ರ. ಹೊರಗಿನಿಂದ ಎರಡು ಕೀಲಿಮಣೆಯ ಆರ್ಗನ್ನಿನ ಹಾಗೆ. ಒಳಗೆ ಪ್ರತಿ ಮನೆಗೂ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ಆ ಸ್ವರವನ್ನು ನಿಜವಾದ ವಾದಕರು ನುಡಿಸಿದ ಮುದ್ರಣ. ಮನೆ ಒತ್ತಿದರೆ ಪಟ್ಟಿ ತಿರುಗುವ ದಂಡಕ್ಕೆ ಒತ್ತಿಕೊಂಡು ಓಡುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಪಟ್ಟಿಯ ಉದ್ದ ಸುಮಾರು 8 ಸೆಕೆಂಡಿನದು. ಎಂಟು ಕಳೆದರೆ ಬೆರಳು ಇನ್ನೂ ಒತ್ತಿಕೊಂಡೇ ಇದ್ದರೂ ಸದ್ದು ನಿಲ್ಲುತ್ತದೆ. ಬಿಟ್ಟ ತಕ್ಷಣ ಅದೇ ಮನೆ ಒತ್ತಿದರೆ ಪಟ್ಟಿ ಪೂರ್ತಿ ಹಿಂದೆ ಬಂದಿರುವುದಿಲ್ಲ, ಸ್ವರ ನಡುವಿನಿಂದ ಹೊರಡುತ್ತದೆ. ಹಾರ್ಮೋನಿಯಂನಲ್ಲಿ ಹಿಡಿದಂತೆ ಒಟ್ಟಿಗೆ ಬಹಳ ಮನೆ ಹಿಡಿದರೆ ಮೋಟಾರಿಗೆ ಹೊರೆಯಾಗಿ ಶ್ರುತಿ ಜಗ್ಗುತ್ತದೆ. ಈ ಹಾಡಿನ ಪೀಠಿಕೆ ಒಂದೊಂದೇ ಸ್ವರವಾಗಿ ಮೆಲ್ಲಗೆ ಹೆಜ್ಜೆಯಿಡುವುದು ಯಂತ್ರದ ಈ ಗುಣಕ್ಕೆ ತಕ್ಕಂತಿದೆ. ಪ್ರತಿ ಸ್ವರದ ಆರಂಭದಲ್ಲೂ ಕೊಳಲಿಗೆ ಉಸಿರು ತಾಗುವ ಸದ್ದು ಹೊಸದಾಗಿ ಕೇಳಿಸುತ್ತದೆ, ಗಮನಿಸಿ. ಇವತ್ತಿನ ಕೀಬೋರ್ಡಿನಲ್ಲಿ ಇದೇ ಬಣ್ಣ ಬೇಕಾದರೆ ‘ಲೂಪ್’ ತೆಗೆದುಹಾಕಿ, ಪ್ರತಿ ಮನೆಯ ಶ್ರುತಿಯನ್ನೂ ಕೆಲವು ಸೆಂಟ್ ಅತ್ತಿತ್ತ ಕದಲಿಸಿ. ಪ್ರತಿಧ್ವನಿ ಸುರಿದರೆ ಬರುವುದಿಲ್ಲ.

ಜಾರುವ ತಂತಿ ನಮ್ಮ ಸ್ವರಮಂಡಲ! ಜಾರ್ಜ್ ಹ್ಯಾರಿಸನ್ ನುಡಿಸಿದ್ದು, ಡಿಸೆಂಬರ್ 9ರ ಸೇರ್ಪಡೆ. ಅದಕ್ಕೆ ಸ್ವಲ್ಪ ಮುಂಚೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಹ್ಯಾರಿಸನ್ ಭಾರತದಲ್ಲಿ ರವಿಶಂಕರ್ ಹತ್ತಿರ ಸಿತಾರ್ ಕಲಿಯುತ್ತಿದ್ದರು. ಹಿಂದೂಸ್ತಾನಿ ಗಾಯಕರು ತೊಡೆಯ ಮೇಲಿಟ್ಟುಕೊಂಡು ಮೀಟುವುದನ್ನು ಧಾರವಾಡ, ಹುಬ್ಬಳ್ಳಿ ಕಡೆಯ ಕಛೇರಿಗಳಲ್ಲಿ ನೋಡಿರುತ್ತೀರಿ. ಬಡೇ ಗುಲಾಂ ಅಲಿ ಖಾನರ ಚಿತ್ರಗಳಲ್ಲಂತೂ ಅದು ಇದ್ದೇ ಇರುತ್ತದೆ. ನಮ್ಮಲ್ಲಿ ಅದು ಗಾಯನದ ಹಿಂದೆ ರಾಗದ ಹಾಸು ಹಾಸುತ್ತದೆ. ಇಲ್ಲಿ ಅದಕ್ಕೆ ಬೇರೆ ಕೆಲಸ. ಮೇಲಿಂದ ಕೆಳಕ್ಕೆ ಒಂದು ಗೀರು, ಚರಣಕ್ಕೆ ಹೋಗುವ ಬಾಗಿಲು ತೆರೆದ ಹಾಗೆ.

ಸ್ವರಮಂಡಲ ಸೇರಿಸುವವರು ಎಡವುವ ಕಡೆ ಒಂದಿದೆ. ಎಲ್ಲ ತಂತಿಯನ್ನೂ ಹಾಡಿನ ಸ್ವರಗಳಿಗೆ ಕೂಡಿಸಬೇಕು, ಒಂದು ತಂತಿ ಹೊರಗಿದ್ದರೂ ಗೀರಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತದೆ. ಅದಕ್ಕಿಂತ ಮುಖ್ಯ, ಕೂಡಿಸಬೇಕಾದದ್ದು ಸ್ಟುಡಿಯೊದ ಪಿಯಾನೊಗಲ್ಲ, ಹೆಡ್‌ಫೋನಿನಲ್ಲಿ ಆಗ ಓಡುತ್ತಿರುವ ಟೇಪಿಗೆ. ಸೇರಿಸಿದ ಮೇಲೆ ಟೇಪ್ ಇಳಿಸಿದರೆ ತೊಂದರೆಯಿಲ್ಲ, ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ಮೊದಲೇ ಇಳಿಸಿದ ಟೇಪಿಗೆ ಸೇರಿಸುವಾಗ ಮಾತ್ರ ಹುಷಾರು.

ಏಳಿಂಚಿನತಟ್ಟೆ

ನಂಬರ್ ಒಂದರ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ನಾನು ಹಾಕುತ್ತೇನೆ.

1966ರ ಆಗಸ್ಟ್ ನಂತರ ಬ್ರಿಟನ್ನಿನಲ್ಲಿ ಬೀಟಲ್ಸ್‌ನ ಹೊಸ ಸಿಂಗಲ್ (ಮುಖಕ್ಕೊಂದು ಹಾಡಿನ ಚಿಕ್ಕ ತಟ್ಟೆ) ಬಂದಿರಲಿಲ್ಲ. ಪ್ರವಾಸವೂ ಇಲ್ಲ. ಗುಂಪು ಒಡೆಯಿತು ಅಂತ ಪತ್ರಿಕೆಗಳು ಬರೆಯತೊಡಗಿದ್ದವು. ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್‌ಗೆ ತುರ್ತಾಗಿ ಒಂದು ಸಿಂಗಲ್ ಬೇಕಿತ್ತು. ಕೈಯಲ್ಲಿ ಸಿದ್ಧವಿದ್ದದ್ದು ಇದು ಮತ್ತು ಮೆಕಾರ್ಟ್ನಿಯ ‘ಪೆನಿ ಲೇನ್’. ಮಾರ್ಟಿನ್ ಎರಡನ್ನೂ ಒಂದೇ ತಟ್ಟೆಯ ಎರಡು ಮುಖಕ್ಕೆ ಹಾಕಿ ಎರಡೂ ‘ಎ’ ಮುಖ ಅಂತ ಸಾರಿದರು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿಯಿಂದ 1967ರ ಫೆಬ್ರವರಿ 13ಕ್ಕೆ, ಬ್ರಿಟನ್ನಿನಲ್ಲಿ ಪಾರ್ಲೊಫೋನ್‌ನಿಂದ 17ಕ್ಕೆ ಬಂತು. ಬ್ರಿಟನ್ನಿನಲ್ಲಿ ಅವರ ಸಿಂಗಲ್ಲಿಗೆ ಚಿತ್ರದ ಹೊದಿಕೆ ಸಿಕ್ಕಿದ್ದೂ ಇದೇ ಮೊದಲು, ಹಿಂಬದಿಯಲ್ಲಿ ನಾಲ್ವರ ಬಾಲ್ಯದ ಫೋಟೊ.

‘ರೆಕಾರ್ಡ್ ರಿಟೇಲರ್’ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಅದು ಎರಡಕ್ಕೆ ನಿಂತಿತು. ಅದಕ್ಕೂ ಮುಂಚೆ 1963ರ ‘ಫ್ರಮ್ ಮಿ ಟು ಯು’ದಿಂದ ಸತತ ಹನ್ನೊಂದು ಸಿಂಗಲ್ ಒಂದನೇ ಸ್ಥಾನಕ್ಕೆ ಹೋಗಿದ್ದವು. ತಡೆದದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ ‘ರಿಲೀಸ್ ಮಿ’, ಆರು ವಾರ ಮೇಲೆಯೇ ಕೂತ ಹಾಡು. (ಈ ಹಂಪರ್‌ಡಿಂಕ್ ಹುಟ್ಟಿದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1936ರಲ್ಲಿ. ಅಸಲಿ ಹೆಸರು ಆರ್ನಲ್ಡ್ ಡಾರ್ಸಿ.) ಅದನ್ನು ಹಗುರವಾಗಿ ಕಾಣಬೇಡಿ. ಹತ್ತು ಲಕ್ಷ ಪ್ರತಿ ದಾಟಿ, ಪಟ್ಟಿಯಲ್ಲಿ ಸತತ 56 ವಾರ ಇದ್ದ ತಟ್ಟೆ ಅದು. ಸಾಮಾನ್ಯವಾಗಿ ಸಿಂಗಲ್ ಕೊಳ್ಳದ ಮಧ್ಯವಯಸ್ಸಿನವರೂ ಅದನ್ನು ಕೊಂಡರು ಅನ್ನುವುದೇ ನನಗೆ ಒಪ್ಪುವ ಕಾರಣ. ಬೀಟಲ್ಸ್ ತಟ್ಟೆ ಕೆಟ್ಟದಾಗಿ ಮಾರಿತು ಅನ್ನುವುದಕ್ಕಿಂತ ಅದು ಅತಿಯಾಗಿ ಮಾರಿತು ಅನ್ನಬೇಕು.

ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಸರ್ವಸಮ್ಮತವಾದ ಒಂದೇ ಪಟ್ಟಿ ಇರಲಿಲ್ಲ ಅನ್ನುವುದನ್ನೂ ಮರೆಯುತ್ತಾರೆ. ‘ಮೆಲೊಡಿ ಮೇಕರ್’ ಪಟ್ಟಿಯಲ್ಲಿ ಇದೇ ಸಿಂಗಲ್ ಒಂದನೇ ಸ್ಥಾನದಲ್ಲಿತ್ತು. ಮುಂದೆ ಇತಿಹಾಸಕ್ಕೆ ‘ರೆಕಾರ್ಡ್ ರಿಟೇಲರ್’ ಅಂಕಿಗಳನ್ನು ಅಧಿಕೃತ ಅಂತ ಹಿಡಿದದ್ದರಿಂದ ‘ಎರಡು’ ಉಳಿದುಕೊಂಡಿತು. ಅಮೆರಿಕದ ಬಿಲ್‌ಬೋರ್ಡ್‌ನಲ್ಲಿ ಎರಡು ಮುಖಕ್ಕೂ ಬೇರೆಬೇರೆ ಲೆಕ್ಕ: ‘ಪೆನಿ ಲೇನ್’ ಮಾರ್ಚ್ 18ರ ಪಟ್ಟಿಯಲ್ಲಿ ಒಂದು ವಾರ ಒಂದನೆಯದು, ‘ಸ್ಟ್ರಾಬೆರಿ ಫೀಲ್ಡ್ಸ್’ ಏರಿದ್ದು ಎಂಟರವರೆಗೆ. ರೇಡಿಯೊದವರು ಯಾವ ಮುಖ ಹಾಕಿದರು ಅನ್ನುವುದೂ ಅಲ್ಲಿ ಎಣಿಕೆಗೆ ಬರುತ್ತಿತ್ತು. ‘ಪೆನಿ ಲೇನ್’ ಬೆಳಗ್ಗೆ ಹಾಕಲು ಸಲೀಸು, ಇದು ಅಲ್ಲ.

ಕೇಳಿದವರು ಏನಂದರು ಅನ್ನುವುದಕ್ಕೆ ಅಮೆರಿಕದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಟಿವಿ ಕಾರ್ಯಕ್ರಮ ನೋಡಿ. ಮಾರ್ಚ್‌ನಲ್ಲಿ ಚಿತ್ರ ತೋರಿಸಿ ಸ್ಟುಡಿಯೊದಲ್ಲಿದ್ದ ಹುಡುಗ ಹುಡುಗಿಯರನ್ನು ಡಿಕ್ ಕ್ಲಾರ್ಕ್ ಕೇಳಿದಾಗ ಹಲವರು ಮೂಗು ಮುರಿದರು. ಹಾಡಿಗಿಂತ ಹೆಚ್ಚು ಚರ್ಚೆಯಾದದ್ದು ನಾಲ್ವರ ಮೀಸೆ! ಆ ಚಿತ್ರ ತೆಗೆದದ್ದು ಜನವರಿ 30, 31ರಂದು ಕೆಂಟ್‌ನ ಸೆವೆನೋಕ್ಸ್ ಬಳಿಯ ನೋಲ್ ಪಾರ್ಕಿನಲ್ಲಿ, ನಿರ್ದೇಶಕ ಸ್ವೀಡನ್ನಿನ ಪೀಟರ್ ಗೋಲ್ಡ್‌ಮನ್. ಹಾಡಿಗೆ ತುಟಿಯಾಡಿಸುವುದು ಒಂದು ಕಡೆಯೂ ಇಲ್ಲ. ಮರದ ಕೆಳಗೆ ತಂತಿ ಬಿಗಿದ ಪಿಯಾನೊ, ಹಿಂದಕ್ಕೆ ಓಡುವ ಶಾಟುಗಳು ಅಷ್ಟೇ.

ನಿಜವಾದ ಪೆಟ್ಟು ಬಿದ್ದದ್ದು ಪಟ್ಟಿಯಲ್ಲಲ್ಲ. ಸಿಂಗಲ್ಲಾಗಿ ಬಂದ ಹಾಡನ್ನು ಮತ್ತೆ ಎಲ್‌ಪಿಗೆ ಹಾಕಿ ಕೊಳ್ಳುವವರಿಂದ ಎರಡು ಸಲ ದುಡ್ಡು ಕೀಳಬಾರದು ಅನ್ನುವುದು ಅವರ ಪದ್ಧತಿ. ಹಾಗಾಗಿ ಎರಡೂ ಹಾಡು ಜೂನಿನಲ್ಲಿ ಬಂದ ‘ಸಾರ್ಜೆಂಟ್ ಪೆಪ್ಪರ್’ ಎಲ್‌ಪಿಯಿಂದ ಹೊರಗುಳಿದವು. ತನ್ನ ವೃತ್ತಿಯ ಅತಿದೊಡ್ಡ ತಪ್ಪು ಇದು ಅಂತ ಮಾರ್ಟಿನ್ ಮುಂದೆ ಹಳಹಳಿಸಿದರು.

ಕಪ್ಪುಎರಡು

ಒಂದು ಎಲ್‌ಪಿಯಲ್ಲಿದೆಯಲ್ಲ ಅಂತ ಯಾರಾದರೂ ಕೇಳುವ ಮುಂಚೆ ಹೇಳುತ್ತೇನೆ: ಅದು ಅಮೆರಿಕದಲ್ಲಿ 1967ರ ನವೆಂಬರಿನಲ್ಲಿ ಬಂದ ‘ಮ್ಯಾಜಿಕಲ್ ಮಿಸ್ಟರಿ ಟೂರ್’. ಎಲ್‌ಪಿಯ ಎರಡನೇ ಮುಖ ತುಂಬಲು ಆ ವರ್ಷದ ಸಿಂಗಲ್ಲುಗಳನ್ನು ಸೇರಿಸಿದರು.

ನೀರ್ದೋಸೆ45

ಕೊನೆಯ ಪ್ರಶ್ನೆ. ಬೆಸುಗೆ ಕೇಳಿಸಬೇಕಾದರೆ ಯಾವ ಮುದ್ರಣ ಹಾಕಬೇಕು? ಮುಗಿದೇಹೋಯಿತು ಅನ್ನುವಾಗ ಮತ್ತೆ ಸದ್ದು ತಿರುಗಿ ಬರುವುದು ಬೇಕೆಂದೇ ಮಾಡಿದ್ದೇ?

ಟೇಪುಹುಳು

ಬೆಸುಗೆಗೆ ಮೊನೊ ಮಿಕ್ಸ್ ಹಾಕಿ, ಹೆಡ್‌ಫೋನಿನಲ್ಲಿ 55ನೇ ಸೆಕೆಂಡಿನಿಂದ ಶುರುಮಾಡಿ. ದನಿಯನ್ನು ಹಿಂಬಾಲಿಸಬೇಡಿ, ಮಾತಿನ ಹಿಂದಿನ ಖಾಲಿ ಜಾಗವನ್ನು ಕೇಳಿ. ಕೋಣೆಯ ಗಾಳಿ ಬದಲಾಗುವುದು ಅಲ್ಲಿ ಗೊತ್ತಾಗುತ್ತದೆ. ಒಂದು ಸಲ ಸಿಕ್ಕರೆ ಆಮೇಲೆ ಕೇಳದೆ ಇರಲು ಆಗುವುದಿಲ್ಲ, ಅದು ನಿಮ್ಮ ಹಣೆಬರಹ. ಎರಡು ಟೇಕನ್ನು ಬೇರೆಬೇರೆಯಾಗಿ ಕೇಳಬೇಕಾದರೆ 2017ರ ‘ಸಾರ್ಜೆಂಟ್ ಪೆಪ್ಪರ್’ ಐವತ್ತನೇ ವರ್ಷದ ಪೆಟ್ಟಿಗೆ ತೆಗೆಯಿರಿ. 1, 4, 7, 26 ಎಲ್ಲ ಅದರಲ್ಲಿವೆ. 26ನ್ನು ಅದರ ಮೂಲ ವೇಗದಲ್ಲಿ ಕೇಳಿದರೆ ಬೇರೆಯೇ ಹಾಡು, ಯಾರೋ ಬೆನ್ನಟ್ಟಿ ಬರುತ್ತಿರುವ ಹಾಗೆ. ಅದಕ್ಕೆ ‘ಚೇಂಜ್ ಸ್ಪೀಡ್’ ಹಾಕಿ, 7ರ ಶ್ರುತಿಗೆ ಇಳಿಸಿ, ನೀವೇ ಬೆಸೆದು ನೋಡಬಹುದು.

ಕೊನೆಯದು ಅರ್ಧ ಉಪಾಯ, ಅರ್ಧ ಅನಿವಾರ್ಯ. ಕೊನೆಯ ಲಯದ ಗದ್ದಲದಲ್ಲಿ ಒಂದು ಕಡೆ ತಾಳ ತಪ್ಪಿತ್ತು, ಅದರ ಮುಂದಿನ ಭಾಗ ಚೆನ್ನಾಗಿತ್ತು. ಕತ್ತರಿಸಿ ಎಸೆಯುವ ಬದಲು ಮಾರ್ಟಿನ್ ಸದ್ದನ್ನು ಪೂರ್ತಿ ಇಳಿಸಿ, ತಪ್ಪು ದಾಟಿದ ಮೇಲೆ ಮತ್ತೆ ಏರಿಸಿದರು. ಆ ಬಾಲದಲ್ಲಿ ಲೆನನ್ ಗೊಣಗುವುದು ‘ಕ್ರ್ಯಾನ್‌ಬೆರಿ ಸಾಸ್’ ಅಂತ. 1969ರಲ್ಲಿ ಪಾಲ್ ಸತ್ತಿದ್ದಾನೆ ಅನ್ನುವ ಗುಲ್ಲೆದ್ದಾಗ ಇದನ್ನು ‘ಪಾಲ್‌ನನ್ನು ಹೂತೆ’ ಅಂತ ಕೇಳಿಸಿಕೊಂಡವರು ಸಾವಿರಾರು. ಅನುಮಾನ ಇದ್ದರೆ 1996ರ ‘ಆಂಥಾಲಜಿ 2’ರಲ್ಲಿ 7ನೇ ಟೇಕಿನ ಕೊನೆಗೆ ಡ್ರಮ್ ಭಾಗ ಜೋಡಿಸಿದ್ದಾರೆ, ಅದನ್ನು ಹಾಕಿ. ಅಲ್ಲಿ ಸಾಸು ಸ್ಪಷ್ಟವಾಗಿಯೇ ಇದೆ.